ಕುಗ್ಗಿದ ಉಣ್ಣೆಯ ಉಡುಪು: ಒಗೆಯುವ ಕ್ರಮ ಮತ್ತು ಸರಿಪಡಿಸುವ ಬಗೆ

ಕರ್ನಾಟಕದಿಂದ ದೆಹಲಿಗೆ ಬಂದು ನೆಲೆಸಿದ ಕುಟುಂಬಗಳಿಗೆ ಉಣ್ಣೆಯ ಉಡುಪಿನ ಆರೈಕೆ ತವರಿನಿಂದ ಬಂದ ವಿದ್ಯೆಯಲ್ಲ. ಊರಿನಲ್ಲಿ ಕಂಬಳಿಯ ಬಳಕೆ ಇತ್ತಾದರೂ ಅದನ್ನು ಒಗೆಯುವುದು ಅಪರೂಪ. ಸನ್ಮಾನ ಸಮಾರಂಭಗಳಲ್ಲಿ ಹೊದಿಸುವ ಶಾಲುಗಳಲ್ಲಿ ಅನೇಕವು ಕೃತಕ ನೂಲಿನವು. ಇಲ್ಲಿಯಾದರೋ ಡಿಸೆಂಬರ್, ಜನವರಿ ತಿಂಗಳುಗಳಲ್ಲಿ ಸ್ವೆಟರು, ಶಾಲು ಇಲ್ಲದೆ ಕಳೆಯದು. ಅಂಗಡಿಯಿಂದ ತಂದ ಸ್ವೆಟರು ಹಾಳಾದರೆ ಇನ್ನೊಂದನ್ನು ತರಬಹುದು. ಅಜ್ಜಿಯೋ ಅತ್ತೆಯೋ ಹೆಣೆದು ಕೊಟ್ಟ ಸ್ವೆಟರು ಒಂದೇ ಒಗೆತದಲ್ಲಿ ಮಗುವಿನ ಅಳತೆಗೆ ಇಳಿದರೆ, ಹೆಣೆದ ಕೈಗಳು ಇಂದು ಇಲ್ಲದಿರಬಹುದು. ಆದುದರಿಂದ ಉಣ್ಣೆ ಏಕೆ ಕುಗ್ಗುತ್ತದೆ, ಕುಗ್ಗಿದುದರಲ್ಲಿ ಯಾವುದು ಮರಳಿ ಬರುತ್ತದೆ ಎಂಬುದನ್ನು ಅರಿತಿರುವುದು ಒಳಿತು.

ಕುಗ್ಗಲು ಕಾರಣ

ಉಣ್ಣೆಯ ಎಳೆಯು ನಮ್ಮ ಕೂದಲಿನಂತೆಯೇ ಕೆರಾಟಿನ್ ಎಂಬ ಪ್ರೋಟೀನಿನಿಂದ ಆದುದು. ಅದರ ಮೇಲ್ಮೈಯಲ್ಲಿ ಹೆಂಚು ಹೊದಿಸಿದ ಮಾಡಿನಂತೆ ಸೂಕ್ಷ್ಮವಾದ ಹುರುಪೆಗಳಿದ್ದು, ಅವೆಲ್ಲವೂ ಎಳೆಯ ತುದಿಯ ಕಡೆಗೆ ಮುಖ ಮಾಡಿರುತ್ತವೆ. ಒದ್ದೆಯಾದ ಉಣ್ಣೆಯನ್ನು ಉಜ್ಜಿದಾಗ ಎಳೆಗಳು ಒಂದೇ ದಿಕ್ಕಿಗೆ ಜಾರುತ್ತವೆ; ಹುರುಪೆಗಳು ತಡೆಯುವುದರಿಂದ ಹಿಂದಕ್ಕೆ ಬರಲಾರವು. ಹೀಗೆ ಒಂದರೊಳಗೊಂದು ಸಿಕ್ಕಿಕೊಂಡು ಜಡೆಗಟ್ಟುತ್ತವೆ. ಬಿಸಿನೀರು, ಕ್ಷಾರಯುಕ್ತ ಸಾಬೂನು, ಒಗೆಯುವ ಯಂತ್ರದ ತಿರುವಾಟ ಈ ಮೂರೂ ಸೇರಿದರೆ ಕೆಲಸ ಶೀಘ್ರವಾಗಿ ನಡೆಯುತ್ತದೆ. ಕಾಶ್ಮೀರದ ನಮ್ದಾ ಹಾಸುಗಳನ್ನು ತಯಾರಿಸುವುದು ಇದೇ ತತ್ತ್ವದಿಂದ. ಉಣ್ಣೆಯನ್ನು ಪದರವಾಗಿ ಹರಡಿ, ಸಾಬೂನು ನೀರು ಚಿಮುಕಿಸಿ, ಸುರುಳಿ ಸುತ್ತಿ ಒತ್ತುತ್ತಾರೆ. ಅಲ್ಲಿ ಬೇಕೆಂದೇ ಮಾಡುವುದು ನಮ್ಮ ಬಚ್ಚಲಿನಲ್ಲಿ ಬೇಡವಾಗಿ ನಡೆಯುತ್ತದೆ.

ಎರಡು ಬಗೆಯ ಕುಗ್ಗುವಿಕೆ

ಮೊದಲನೆಯದರಲ್ಲಿ, ತಯಾರಿಕೆಯ ವೇಳೆ ಎಳೆದು ಹಿಡಿದಿದ್ದ ನೂಲು ನೀರು ತಾಗಿದೊಡನೆ ತನ್ನ ಸಹಜ ಅಳತೆಗೆ ಮರಳುತ್ತದೆ. ಇಲ್ಲಿ ಹೆಣಿಗೆಯ ಕಣ್ಣುಗಳು ಸ್ಪಷ್ಟವಾಗಿ ಕಾಣುತ್ತವೆ. ಬಟ್ಟೆ ಮೃದುವಾಗಿಯೇ ಇರುತ್ತದೆ. ಇದನ್ನು ಬಹುಮಟ್ಟಿಗೆ ಸರಿಪಡಿಸಬಹುದು. ಎರಡನೆಯದು ಜಡೆಗಟ್ಟಿದ ಕುಗ್ಗುವಿಕೆ. ಬಟ್ಟೆ ದಪ್ಪವಾಗಿ, ಬಿರುಸಾಗಿ, ಹೆಣಿಗೆಯ ಕಣ್ಣುಗಳು ಮುಚ್ಚಿಹೋಗಿರುತ್ತವೆ. ಪೂರ್ತಿಯಾಗಿ ಜಡೆಗಟ್ಟಿದ ಉಡುಪನ್ನು ಮೊದಲಿನಂತೆ ಮಾಡುವ ಉಪಾಯವಿಲ್ಲ. ಉಡುಪನ್ನು ಬೆಳಕಿಗೆ ಹಿಡಿದು ಎರಡೂ ಬದಿಯಿಂದ ಮೆಲ್ಲನೆ ಎಳೆದು ನೋಡಿರಿ. ಕಣ್ಣುಗಳು ಬಿಡಿಸಿಕೊಂಡರೆ ಆಸೆಯಿದೆ.

ಚಳಿಗಾಲದ ಮಾರುಕಟ್ಟೆಗಳಲ್ಲಿ ದೊರೆಯುವ ಎಷ್ಟೋ ಸ್ವೆಟರುಗಳು ಅಕ್ರಿಲಿಕ್ ನೂಲಿನವು, ಅವು ಜಡೆಗಟ್ಟುವುದಿಲ್ಲ. ಸಂದೇಹವಿದ್ದರೆ ಒಳಹೊಲಿಗೆಯಿಂದ ಒಂದು ತುಂಡು ನೂಲು ತೆಗೆದು, ಚಿಮಟದಲ್ಲಿ ಹಿಡಿದು ಸುಟ್ಟು ನೋಡಬಹುದು. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬರುತ್ತದೆ, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಅಕ್ರಿಲಿಕ್ ಕರಗಿ ಗಟ್ಟಿ ಮಣಿಯಂತಾಗುತ್ತದೆ.

ಒಗೆಯುವ ಕ್ರಮ

1. ಮೊದಲು ಒಳಗಿನ ಪಟ್ಟಿಯನ್ನು ನೋಡಿರಿ. ತೊಟ್ಟಿಯಲ್ಲಿ ಕೈಯ ಚಿತ್ರವಿದ್ದರೆ ಕೈಯಿಂದ ಒಗೆಯಬಹುದು. ತೊಟ್ಟಿಯ ಮೇಲೆ ಅಡ್ಡಗೀಟುಗಳಿದ್ದರೆ ನೀರಿನಲ್ಲಿ ಒಗೆಯಬಾರದು.

2. ಒಗೆಯುವ ಮುನ್ನ ಹಳೆಯ ಬಿಳಿ ಹಾಸಿನ ಮೇಲೆ ಉಡುಪನ್ನು ಹರಡಿ ಅಂಚನ್ನು ಪೆನ್ಸಿಲಿನಿಂದ ಗುರುತಿಸಿರಿ. ಮುಂದೆ ಅಳತೆಗೆ ಇದೇ ಆಧಾರ.

3. ನೀರು 30 ಡಿಗ್ರಿ ಸೆಲ್ಸಿಯಸ್ ಮೀರದಿರಲಿ. ಚಳಿಗಾಲದಲ್ಲಿ ನಲ್ಲಿಯ ನೀರು ಕೊರೆಯುತ್ತದೆ, ಗೀಸರಿನ ನೀರು ಸುಡುತ್ತದೆ. ಒಗೆಯಲು ಮತ್ತು ಜಾಲಿಸಲು ಬೇಕಾದ ನೀರನ್ನು ಮೊದಲೇ ಎರಡು ಬಕೆಟ್‌ಗಳಲ್ಲಿ ಹದಮಾಡಿ ಇಟ್ಟುಕೊಳ್ಳಿರಿ.

4. ಉಣ್ಣೆಗೆಂದೇ ದೊರೆಯುವ ಸೌಮ್ಯವಾದ ದ್ರವ ಮಾರ್ಜಕವನ್ನು ಬಳಸಿರಿ. ಸಾಮಾನ್ಯ ಸಾಬೂನು ಪುಡಿ ಕ್ಷಾರಗುಣದ್ದು. ಅನೇಕ ಪುಡಿಗಳಲ್ಲಿರುವ ಕಿಣ್ವಗಳು ಪ್ರೋಟೀನನ್ನು ಕರಗಿಸುವಂಥವು. ಸೋಡಾ, ಬ್ಲೀಚಿಂಗ್ ಪುಡಿ ಸರ್ವಥಾ ಕೂಡದು. ನಮ್ಮಲ್ಲಿ ರೇಷ್ಮೆ ಸೀರೆಗೆ ಬಳಸುವ ಅಂಟುವಾಳ ಕಾಯಿಯನ್ನು ಇಲ್ಲಿನವರು ರೀಠಾ ಎಂದು ಕರೆದು ಉಣ್ಣೆಗೂ ಬಳಸುತ್ತಾರೆ. ಅದನ್ನು ನೆನೆಹಾಕಿ, ಕಿವುಚಿ, ಸೋಸಿದ ನೀರು ಉತ್ತಮ.

5. ಹತ್ತು ನಿಮಿಷಕ್ಕಿಂತ ಹೆಚ್ಚು ನೆನೆಯಿಸದೆ, ಅಂಗೈಯಿಂದ ಮೆಲ್ಲನೆ ಒತ್ತಿರಿ. ಉಜ್ಜುವುದು, ಕುಸುಬುವುದು, ಹಿಂಡುವುದು ಬೇಡ. ಒದ್ದೆ ಉಣ್ಣೆ ಭಾರವಾಗಿಯೂ ದುರ್ಬಲವಾಗಿಯೂ ಇರುವುದರಿಂದ ಎರಡೂ ಕೈಗಳಿಂದ ಕೆಳಗಿನಿಂದ ಎತ್ತಿರಿ.

6. ಒಣ ಟವೆಲಿನಲ್ಲಿ ಸುತ್ತಿ ನೀರು ತೆಗೆದು, ಗುರುತು ಮಾಡಿದ ಹಾಸಿನ ಮೇಲೆ ನೆರಳಿನಲ್ಲಿ ಹರಡಿರಿ. ಹಗ್ಗದ ಮೇಲೆ ನೇತುಹಾಕಿದರೆ ಜೋಲುತ್ತದೆ. ಮಂಜು ಮುಸುಕಿದ ದಿನಗಳಲ್ಲಿ ಒಣಗಲು ಎರಡು ದಿನ ಬೇಕಾದರೂ ಹೀಟರಿನ ಮುಂದೆ ಇಡಬಾರದು.

ಕುಗ್ಗಿದುದನ್ನು ಸರಿಪಡಿಸುವುದು

ಕುಗ್ಗಿದುದು ಕಂಡೊಡನೆ ಗಾಬರಿಯಿಂದ ಮತ್ತೆ ಬಿಸಿನೀರಿಗೆ ಹಾಕುವುದು ದೊಡ್ಡ ಅಪಾಯ. ಅದರಿಂದ ಉಳಿದ ಆಸೆಯೂ ಹೋಗುತ್ತದೆ.

ಸುಮಾರು ಐದು ಲೀಟರ್ ಉಗುರುಬೆಚ್ಚಗಿನ ನೀರಿಗೆ ಎರಡು ದೊಡ್ಡ ಚಮಚ ಕೂದಲಿಗೆ ಹಚ್ಚುವ ಕಂಡೀಷನರ್ ಬೆರೆಸಿ, ಉಡುಪನ್ನು ಅರ್ಧ ಗಂಟೆ ಅಲುಗಾಡಿಸದೆ ಇಡಿರಿ. ಉಣ್ಣೆಯೂ ಕೂದಲೇ ಆದುದರಿಂದ, ಕಂಡೀಷನರ್ ಹುರುಪೆಗಳ ಮೇಲೆ ತೆಳುಪದರವಾಗಿ ಕೂತು ಎಳೆಗಳ ನಡುವಿನ ಘರ್ಷಣೆಯನ್ನು ತಗ್ಗಿಸುತ್ತದೆ. ಬಳಿಕ ಟವೆಲಿನಲ್ಲಿ ಒತ್ತಿ, ಹಾಸಿನ ಗುರುತಿನ ಮೇಲೆ ಹರಡಿ, ಉದ್ದ, ಅಗಲ, ತೋಳು ಎಲ್ಲ ಕಡೆಯಿಂದ ಸ್ವಲ್ಪ ಸ್ವಲ್ಪವೇ ಎಳೆಯಿರಿ. ಒಂದೇ ಸಲ ಬಲವಾಗಿ ಎಳೆದರೆ ಅಂಚು ಅಲೆಅಲೆಯಾಗುತ್ತದೆ. ತುಕ್ಕು ಹಿಡಿಯದ ಗುಂಡುಪಿನ್ನುಗಳಿಂದ ಹತ್ತಿರಹತ್ತಿರವಾಗಿ ಬಿಗಿದು, ಕೆಲವು ಗಂಟೆಗಳಿಗೊಮ್ಮೆ ಇನ್ನಷ್ಟು ಸರಿಸಿರಿ. ಪೂರ್ತಿ ಒಣಗುವ ತನಕ ಪಿನ್ನು ತೆಗೆಯಬಾರದು. ಒಣಗುವಾಗ ಇದ್ದ ಆಕಾರವೇ ನಿಲ್ಲುತ್ತದೆ. ಬೇಕಾದರೆ ಮತ್ತೊಮ್ಮೆ, ಮಗದೊಮ್ಮೆ ಮಾಡಬಹುದು.

ಪಶ್ಮಿನಾ ಶಾಲಿನ ವಿಷಯ ಬೇರೆ. ಲಡಾಖಿನ ಚಾಂಗ್‌ಥಾಂಗ್ ಪ್ರದೇಶದ ಮೇಕೆಗಳ ಒಳತುಪ್ಪಳದಿಂದಾದ ಇದರ ಎಳೆ ಸುಮಾರು 12ರಿಂದ 16 ಮೈಕ್ರಾನ್‌ನಷ್ಟು ಸಣ್ಣದು. ಇದನ್ನು ಪಿನ್ನಿನಿಂದ ಬಿಗಿದರೆ ನೂಲು ಹರಿಯುವ ಭಯವಿದೆ. ಅನುಭವಿ ಡ್ರೈಕ್ಲೀನರ್‌ಗೆ ಕೊಡುವುದೇ ಲೇಸು. ತೂತು ಬಿದ್ದರೆ ರಫೂಗಾರರು ಕಾಣದಂತೆ ತುಂಬುತ್ತಾರೆ. ಉತ್ತರ ಪ್ರದೇಶದ ನಜೀಬಾಬಾದ್ ಈ ಕಸುಬಿಗೆ ಹೆಸರಾದ ಊರು.

ಯಾವುದಕ್ಕೂ ಬಗ್ಗದೆ ಜಡೆಗಟ್ಟಿಹೋದ ಸ್ವೆಟರನ್ನು ಎಸೆಯಬೇಕಿಲ್ಲ. ಅಂಥ ಬಟ್ಟೆ ಕತ್ತರಿಸಿದರೂ ನೂಲು ಬಿಚ್ಚುವುದಿಲ್ಲ. ಮಗುವಿನ ಟೊಪ್ಪಿಗೆ, ಕೈಚೀಲ, ದಿಂಬಿನ ಹೊದಿಕೆಗೆ ಚೆನ್ನಾಗಿ ಒದಗುತ್ತದೆ. ಅಜ್ಜಿಯ ಹೆಣಿಗೆ ಮೊಮ್ಮಗಳ ತಲೆಯ ಮೇಲೆ ಉಳಿದರೆ ಅದೂ ಉಳಿದಂತೆಯೇ.

ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಓಡುತ್ತದೆ ಎಂಬುದು ನಮ್ಮ ಕಡೆಯ ಮಾತು. ದೆಹಲಿಯಲ್ಲಿ ಹೋಳಿಯ ಹೊತ್ತಿಗೆ ಉಣ್ಣೆಯ ಬಟ್ಟೆಗಳು ಪೆಟ್ಟಿಗೆ ಸೇರುತ್ತವೆ. ಬೆವರು, ಎಣ್ಣೆಯ ಕಲೆಗಳಿರುವ ಉಣ್ಣೆಗೆ ನುಸಿಯ ಮರಿಹುಳುಗಳು ಬೇಗ ಮುತ್ತುವುದರಿಂದ, ಒಗೆದು, ಪೂರ್ತಿ ಒಣಗಿಸಿ, ಮಡಿಸಿ ಹತ್ತಿಯ ಬಟ್ಟೆಯಲ್ಲಿ ಸುತ್ತಿಡಬೇಕು. ಮುಂದಿನ ಚಳಿಗೆ ಅದೇ ಅಳತೆಯ ಸ್ವೆಟರು ಕೈಗೆ ಸಿಗುತ್ತದೆ.