ಎಲೆಕ್ಟ್ರಾನ್ ಸೂಕ್ಷ್ಮದರ್ಶಕಕ್ಕೆ ತೆಳು ಮಾದರಿಗಳ ತಯಾರಿಕೆ

ಲೋಹ, ಪಿಂಗಾಣಿ, ಅರೆವಾಹಕ ಮೊದಲಾದ ಘನವಸ್ತುಗಳ ತುಣುಕನ್ನು ಎಲೆಕ್ಟ್ರಾನ್‌ಗಳು ಹಾದುಹೋಗುವಷ್ಟು ತೆಳುವಾಗಿಸುವ ಕಾರ್ಯವಿಧಾನವೇ ತೆಳು ಮಾದರಿಗಳ ತಯಾರಿಕೆ. ಟ್ರಾನ್ಸ್‌ಮಿಷನ್ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಮಾದರಿಯನ್ನು ದಾಟಿಬಂದ ಎಲೆಕ್ಟ್ರಾನ್‌ಗಳಿಂದಲೇ ಚಿತ್ರ ಮೂಡುತ್ತದೆ. ಆದ್ದರಿಂದ ಮಾದರಿಯ ದಪ್ಪವು ಸಾಮಾನ್ಯವಾಗಿ 100 ನ್ಯಾನೊಮೀಟರ್‌ಗಿಂತ ಕಡಿಮೆ ಇರಬೇಕಾಗುತ್ತದೆ. ಪರಮಾಣುಗಳ ಜೋಡಣೆಯನ್ನು ಕಾಣಲು ಇನ್ನೂ ತೆಳುವಾಗಿರಬೇಕು. ಹೀಗೆ ತೆಳುವಾಗಿಸುವಾಗ ವಸ್ತುವಿನ ಮೂಲರಚನೆ ಕೆಡದಂತೆ ಕಾಯ್ದುಕೊಳ್ಳುವುದು ಈ ಕಾರ್ಯದ ಮುಖ್ಯ ಸವಾಲಾಗಿದೆ.

== ಇತಿಹಾಸ ==

1931ರಲ್ಲಿ ಬರ್ಲಿನ್‌ನಲ್ಲಿ ಮ್ಯಾಕ್ಸ್ ನಾಲ್ ಮತ್ತು ಅರ್ನ್ಸ್ಟ್ ರುಸ್ಕಾ ಮೊದಲ ಎಲೆಕ್ಟ್ರಾನ್ ಸೂಕ್ಷ್ಮದರ್ಶಕವನ್ನು ರೂಪಿಸಿದರು. ಆದರೆ ಲೋಹಗಳನ್ನು ಸಾಕಷ್ಟು ತೆಳುವಾಗಿಸಲು ಸಾಧ್ಯವಾಗದೆ, ಬಹುಕಾಲ ಅವುಗಳ ಮೇಲ್ಮೈಯಿಂದ ತೆಗೆದ ಅಚ್ಚುಗಳನ್ನಷ್ಟೇ ಪರೀಕ್ಷಿಸಲಾಗುತ್ತಿತ್ತು. 1949ರಲ್ಲಿ ಹೈಡೆನ್‌ರೈಕ್ ಅವರು ಅಲ್ಯೂಮಿನಿಯಂ ಹಾಳೆಯನ್ನು ವಿದ್ಯುದ್ವಿಭಜನೆಯ ಮೂಲಕ ತೆಳುವಾಗಿಸಿ ನೋಡಿದರು. 1956ರಲ್ಲಿ ಕೇಂಬ್ರಿಡ್ಜ್‌ನ ಹರ್ಷ್, ಹಾರ್ನ್ ಮತ್ತು ವೀಲನ್, ತೆಳು ಅಲ್ಯೂಮಿನಿಯಂ ಹಾಳೆಯಲ್ಲಿ ಡಿಸ್‌ಲೊಕೇಶನ್ ಎಂಬ ರೇಖಾದೋಷಗಳು ಚಲಿಸುವುದನ್ನು ಕಣ್ಣಾರೆ ಕಂಡರು. 1934ರಿಂದ ಸಿದ್ಧಾಂತದಲ್ಲಿದ್ದ ಕಲ್ಪನೆಗೆ ಇದರಿಂದ ಪ್ರತ್ಯಕ್ಷ ಆಧಾರ ದೊರೆಯಿತು.

== ವಿಧಾನಗಳು ==

ಮೊದಲು ವಸ್ತುವಿನಿಂದ 3 ಮಿಲಿಮೀಟರ್ ವ್ಯಾಸದ ಬಿಲ್ಲೆಯನ್ನು ಕತ್ತರಿಸಿ, ಸುಮಾರು 100 ಮೈಕ್ರೊಮೀಟರ್ ದಪ್ಪಕ್ಕೆ ಉಜ್ಜಲಾಗುತ್ತದೆ. ಅಂತಿಮ ಹಂತವು ವಸ್ತುವಿನ ಗುಣವನ್ನು ಅವಲಂಬಿಸಿದೆ.

* '''ವಿದ್ಯುತ್ ಹೊಳಪು:''' ಇದು ವಿದ್ಯುದ್ವಾಹಕ ಲೋಹಗಳಿಗೆ ಸೂಕ್ತ. ಬಿಲ್ಲೆಯ ಎರಡೂ ಬದಿಗೆ ಆಮ್ಲದ್ರಾವಣವನ್ನು ಚಿಮ್ಮಿಸಿ ವಿದ್ಯುತ್ ಹರಿಸಿದಾಗ ಲೋಹವು ಕರಗುತ್ತದೆ. ನಡುವೆ ರಂಧ್ರ ಬಿದ್ದೊಡನೆ ನಿಲ್ಲಿಸಿ, ರಂಧ್ರದ ಅಂಚಿನ ತೆಳುಭಾಗವನ್ನು ವೀಕ್ಷಿಸಲಾಗುತ್ತದೆ.
* '''ಅಯಾನು ಸವೆತ:''' ಪಿಂಗಾಣಿ ಮತ್ತು ಅರೆವಾಹಕಗಳ ಬಿಲ್ಲೆಯ ನಡುಭಾಗವನ್ನು ಕುಳಿಯಾಗಿ ಉಜ್ಜಿ, ಆರ್ಗಾನ್ ಅಯಾನುಗಳ ಧಾರೆಯನ್ನು ಓರೆಯಾಗಿ ಹಾಯಿಸಲಾಗುತ್ತದೆ.
* '''ಕೇಂದ್ರೀಕೃತ ಅಯಾನು ಕಿರಣ:''' ಬೇಕಾದ ಸ್ಥಳದಿಂದಲೇ ತೆಳುಪದರವನ್ನು ಗ್ಯಾಲಿಯಂ ಅಯಾನುಗಳಿಂದ ಕೊರೆದು ತೆಗೆಯಲಾಗುತ್ತದೆ. ಚಿಪ್ಪಿನ ನಿರ್ದಿಷ್ಟ ದೋಷವನ್ನು ಹುಡುಕಲು ಇದು ಉಪಯುಕ್ತ.
* '''ಅಲ್ಟ್ರಾಮೈಕ್ರೊಟಮಿ:''' ಪಾಲಿಮರ್‌ನಂತಹ ಮೃದು ವಸ್ತುಗಳನ್ನು ವಜ್ರದ ಅಲಗಿನಿಂದ ತೆಳುವಾಗಿ ಹೆರೆಯಲಾಗುತ್ತದೆ.

== ತಯಾರಿಕೆಯ ದೋಷಗಳು ==

ತಯಾರಿಕೆಯೇ ಮಾದರಿಯಲ್ಲಿ ಹೊಸ ದೋಷಗಳನ್ನು ಉಂಟುಮಾಡಬಹುದು. 30 ಕಿಲೊವೋಲ್ಟ್‌ನ ಗ್ಯಾಲಿಯಂ ಕಿರಣವು ಸಿಲಿಕಾನಿನ ಪ್ರತಿ ಬದಿಯಲ್ಲೂ ಸುಮಾರು 20 ನ್ಯಾನೊಮೀಟರ್‌ನಷ್ಟು ಸ್ಫಟಿಕರಚನೆಯನ್ನು ಕೆಡಿಸುತ್ತದೆ. ಅಂದರೆ 100 ನ್ಯಾನೊಮೀಟರ್ ದಪ್ಪದ ಮಾದರಿಯಲ್ಲಿ ಹೆಚ್ಚುಕಡಿಮೆ 40 ನ್ಯಾನೊಮೀಟರ್ ಹಾಳಾಗಿರುತ್ತದೆ. ಇದನ್ನು ತಗ್ಗಿಸಲು ಕೊನೆಯಲ್ಲಿ ಕಡಿಮೆ ಶಕ್ತಿಯ ಕಿರಣವನ್ನು ಬಳಸುತ್ತಾರೆ. ಅಯಾನು ಸವೆತದಲ್ಲಿ ಮಾದರಿಯು ಬಿಸಿಯಾಗದಂತೆ ದ್ರವ ಸಾರಜನಕದಿಂದ ತಂಪಾಗಿಸುವುದುಂಟು. ತೆಳುಹಾಳೆಯು ಬಾಗಿದರೂ ಹೊಸ ಡಿಸ್‌ಲೊಕೇಶನ್‌ಗಳು ಹುಟ್ಟುತ್ತವೆ. ಆದ್ದರಿಂದ ಸಂದೇಹವಿದ್ದಲ್ಲಿ ಅದೇ ವಸ್ತುವನ್ನು ಬೇರೊಂದು ವಿಧಾನದಿಂದ ತೆಳುವಾಗಿಸಿ ಹೋಲಿಸಲಾಗುತ್ತದೆ. ಎರಡರಲ್ಲೂ ಕಂಡುಬರುವ ಲಕ್ಷಣವು ವಸ್ತುವಿನದೇ ಆಗಿರುವ ಸಂಭವ ಹೆಚ್ಚು.