ಗೆದ್ದವರ ಜಾಣತನ, ಸೋತವರ ತಪ್ಪು

ಶೇಕ್ಸ್‌ಪಿಯರ್ ಎಂದೊಡನೆ ಸಾಹಿತ್ಯದ ವಿದ್ಯಾರ್ಥಿಗೆ ನೆನಪಾಗುವುದು ನಾಟಕ. ಅಮೆರಿಕದ ಕಾಲೇಜು ಕ್ರೀಡೆಗಳ ಚರಿತ್ರೆಯನ್ನು ಬಲ್ಲವರಿಗೆ ಮಾತ್ರ ಇನ್ನೊಬ್ಬ ವಿಲಿಯಂ ಶೇಕ್ಸ್‌ಪಿಯರ್ ಗೊತ್ತು. ಇವನು ನಾಟಕ ಬರೆದವನಲ್ಲ, ಚೆಂಡು ಎಸೆದವನು. 1935ರ ನವೆಂಬರ್ 2ರಂದು, ಒಹಾಯೊ ರಾಜ್ಯದ ಕೊಲಂಬಸ್ ನಗರದಲ್ಲಿ, 80,000ಕ್ಕೂ ಹೆಚ್ಚು ಜನರ ಕಣ್ಣೆದುರಿಗೆ ಇವನು ಎಸೆದ ಒಂದು ಚೆಂಡು ಸೋತುಹೋಗಿದ್ದ ತಂಡವೊಂದನ್ನು ಗೆಲ್ಲಿಸಿತು. ಆ ಗೆಲುವಿನ ಬಗ್ಗೆ ಅಂದು ಹುಟ್ಟಿದ ಚರ್ಚೆ ಎಷ್ಟೋ ಕಾಲ ನಿಲ್ಲಲಿಲ್ಲ.

ಹಳಗನ್ನಡ ಕಾವ್ಯಗಳನ್ನು ಪಾಠ ಹೇಳಿ ನಿವೃತ್ತನಾದವನಿಗೆ ಈ ಚೆಂಡಾಟದ ಗೊಡವೆ ಏಕೆಂದು ನೀವು ಕೇಳಬಹುದು. ಆಟದ ಸೊಗಸಿಗಿಂತ ನನ್ನನ್ನು ಸೆಳೆದದ್ದು ಆಟ ಮುಗಿದ ಮೇಲಿನ ವಾದ. ನಡೆದುಹೋದ ಸಂಗತಿಯನ್ನು ನಾವು ಹೇಗೆ ತೂಗುತ್ತೇವೆ, ಗೆದ್ದವನಿಗೆ ಯಾವ ತಕ್ಕಡಿ, ಸೋತವನಿಗೆ ಯಾವ ತಕ್ಕಡಿ ಎಂಬ ಪ್ರಶ್ನೆ ಅದರಲ್ಲಿ ಅಡಗಿದೆ. ಅದು ಚರಿತ್ರೆಯನ್ನು ಬರೆಯುವ ಎಲ್ಲರಿಗೂ ಸಂಬಂಧಿಸಿದ ಪ್ರಶ್ನೆ.

ಮೊದಲು ಆಟದ ಸ್ವರೂಪವನ್ನು ಎರಡು ಮಾತಿನಲ್ಲಿ ಹೇಳಬೇಕು. ಅಮೆರಿಕನ್ನರು ಫುಟ್‌ಬಾಲ್ ಎನ್ನುವುದು ನಮ್ಮ ಕಾಲ್ಚೆಂಡಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡಬಹುದು, ಮುಂದಕ್ಕೆ ಎಸೆಯಬಹುದು. ಒಂದೊಂದು ತಂಡಕ್ಕೆ 11 ಜನ. ಹದಿನೈದು ಹದಿನೈದು ನಿಮಿಷಗಳ ನಾಲ್ಕು ಅವಧಿಗಳು. ಎದುರಾಳಿಯ ಗಡಿಯನ್ನು ದಾಟಿ ಚೆಂಡನ್ನು ಒಯ್ದರೆ 6 ಅಂಕ. ಬಳಿಕ ಅದನ್ನು ಗೋಲುಕಂಬಗಳ ನಡುವೆ ಒದ್ದರೆ ಇನ್ನೊಂದು. ಕಾಲೇಜುಗಳ ನಡುವಣ ಈ ಆಟದ ಮೊದಲ ಪಂದ್ಯವೆಂದು ಎಣಿಸುವುದು 1869ರಲ್ಲಿ ರಟ್ಗರ್ಸ್ ಮತ್ತು ಪ್ರಿನ್ಸ್‌ಟನ್ ಆಡಿದ್ದನ್ನು. 1905ರ ಹೊತ್ತಿಗೆ ಆಟ ಎಷ್ಟು ಕ್ರೂರವಾಗಿತ್ತೆಂದರೆ ಆಡುತ್ತಾ ತರುಣರು ಸಾಯುತ್ತಿದ್ದರು. ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟರೇ ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್‌ಗಳ ಪ್ರಮುಖರನ್ನು ಕರೆಸಿ ಮಾತನಾಡಬೇಕಾಯಿತು. ಮರುವರ್ಷ ನಿಯಮಗಳು ತಿದ್ದಲ್ಪಟ್ಟವು. ಚೆಂಡನ್ನು ಮುಂದಕ್ಕೆ ಎಸೆಯುವ ಅನುಮತಿ ದೊರೆತದ್ದು ಆಗಲೇ. ನಮ್ಮ ಕಥೆಯ ಶೇಕ್ಸ್‌ಪಿಯರನಿಗೆ ಒಂದು ಪಾತ್ರ ಸಿಕ್ಕಿದ್ದು ಈ ತಿದ್ದುಪಡಿಯಿಂದ.

ಈಗ 1935ಕ್ಕೆ ಬರೋಣ. ಒಂದು ಕಡೆ ಇಂಡಿಯಾನಾ ರಾಜ್ಯದ ನೋಟರ್ ಡೇಮ್, ಕ್ಯಾಥೊಲಿಕ್ ವಿಶ್ವವಿದ್ಯಾನಿಲಯ. ಇನ್ನೊಂದು ಕಡೆ ಒಹಾಯೊ ಸ್ಟೇಟ್. ಎರಡೂ ಆ ಋತುವಿನಲ್ಲಿ ಸೋಲು ಕಾಣದ ತಂಡಗಳು. ನೋಟರ್ ಡೇಮ್‌ನ ತರಬೇತುದಾರರು ಎಲ್ಮರ್ ಲೇಡನ್. ತಾವು ವಿದ್ಯಾರ್ಥಿಯಾಗಿದ್ದಾಗ, 1924ರಲ್ಲಿ, ಗ್ರ್ಯಾಂಟ್‌ಲೆಂಡ್ ರೈಸ್ ಎಂಬ ಪತ್ರಕರ್ತರು ಬೈಬಲ್ಲಿನ ಪ್ರಳಯದ ಕುದುರೆ ಸವಾರರಿಗೆ ಹೋಲಿಸಿ ಬರೆದ ನಾಲ್ವರು ಆಟಗಾರರಲ್ಲಿ ಲೇಡನ್ ಒಬ್ಬರು. ಒಹಾಯೊದ ತರಬೇತುದಾರರು ಫ್ರಾನ್ಸಿಸ್ ಶ್ಮಿಟ್. ಹೊಸ ಹೊಸ ವ್ಯೂಹಗಳನ್ನು ಹೂಡುವುದರಲ್ಲಿ ಅವರನ್ನು ಮೀರಿಸುವವರು ಅಂದು ವಿರಳ.

ಮೊದಲರ್ಧ ಪೂರ್ತಿ ಒಹಾಯೊದ್ದೇ. ನೋಟರ್ ಡೇಮ್ ಎಸೆದ ಚೆಂಡೊಂದನ್ನು ನಡುವೆಯೇ ಕಸಿದು ಗಡಿ ದಾಟಿದರು. ಮತ್ತೊಮ್ಮೆ ತಾವೇ ಸಾಲು ಮುರಿದು ನುಗ್ಗಿದರು. ಅರ್ಧಕ್ಕೆ 13–0. ಮೂರನೆಯ ಅವಧಿಯಲ್ಲಿ ಯಾರಿಗೂ ಅಂಕವಿಲ್ಲ. ಆಟದ ಮುಕ್ಕಾಲು ಭಾಗ ಮುಗಿದಿತ್ತು. ನೋಟರ್ ಡೇಮ್ ಒಂದು ಅಂಕವನ್ನೂ ಗಳಿಸಿರಲಿಲ್ಲ.

ನಾಲ್ಕನೆಯ ಅವಧಿಯಲ್ಲಿ ಆಂಡಿ ಪಿಲ್ನಿ ಎಂಬ ತರುಣನ ಮೈಮೇಲೆ ಏನೋ ಬಂದಂತಾಯಿತು. ಒಹಾಯೊದವರು ಒದ್ದ ಚೆಂಡನ್ನು ಹಿಡಿದು ಅವನು ಬಹುದೂರ ಓಡಿದ್ದರಿಂದ ಮೊದಲ 6 ಅಂಕಗಳಿಗೆ ದಾರಿಯಾಯಿತು. ಎರಡನೆಯ 6 ಅಂಕಗಳು ಅವನು ಎಸೆದ ಚೆಂಡಿನಿಂದಲೇ ಬಂದವು. ಹಿಡಿದವನು ತರಬೇತುದಾರರ ತಮ್ಮ ಮೈಕ್ ಲೇಡನ್. 13–12. ಇನ್ನು ಉಳಿದದ್ದು ಕೆಲವೇ ನಿಮಿಷ, ಚೆಂಡು ಒಹಾಯೊದ ಕೈಯಲ್ಲಿ. ಅಲ್ಲಿ ಅವರ ಆಟಗಾರನೊಬ್ಬನ ಹಿಡಿತ ತಪ್ಪಿತು. ಪಿಲ್ನಿ ಮತ್ತೆ ಚೆಂಡು ಹಿಡಿದು, ಅಡ್ಡ ಬಂದವರನ್ನೆಲ್ಲ ನುಸುಳಿಕೊಂಡು ಓಡಿದನು. ಕೊನೆಗೆ ಮೊಣಕಾಲು ಮುರಿದುಕೊಂಡು ಬಿದ್ದನು. ಅವನನ್ನು ಡೋಲಿಯ ಮೇಲೆ ಮಲಗಿಸಿ ಹೊರಗೆ ಒಯ್ದರು. ಅವನ ಜಾಗಕ್ಕೆ ಬಂದವನೇ ಶೇಕ್ಸ್‌ಪಿಯರ್. ಅವನ ಮೊದಲ ಎಸೆತ ಎದುರಾಳಿಯ ಕೈಗೆ ತಗುಲಿಯೂ ನಿಲ್ಲದೆ ಜಾರಿತು. ಎರಡನೆಯದನ್ನು ವೇಯ್ನ್ ಮಿಲ್ನರ್ ಗಡಿಯಾಚೆ ಹಿಡಿದನು. 18–13. ಆಟಕ್ಕೆ ಇನ್ನೊಂದು ನಿಮಿಷವೂ ಉಳಿದಿರಲಿಲ್ಲ.

ಇಷ್ಟು ಘಟನೆ. ಇನ್ನು ವಾದ.

ಅಂದಿನ ನಿಯಮವೊಂದನ್ನು ತಿಳಿಯದೆ ಆ ವಾದ ಅರ್ಥವಾಗದು. ಒಂದು ಅವಧಿಯಲ್ಲಿ ಹೊರಗೆ ಕರೆಸಿಕೊಂಡ ಆಟಗಾರನನ್ನು ಅದೇ ಅವಧಿಯಲ್ಲಿ ಮತ್ತೆ ಒಳಗೆ ಕಳಿಸುವಂತಿರಲಿಲ್ಲ. ಆದ್ದರಿಂದ ಯಾರನ್ನು ಯಾವಾಗ ಕೂರಿಸುವುದು, ಯಾವಾಗ ಎಬ್ಬಿಸುವುದು ಎಂಬುದು ತರಬೇತುದಾರನ ದೊಡ್ಡ ಲೆಕ್ಕಾಚಾರ. ಶ್ಮಿಟ್ ತಮ್ಮ ಆಯ್ದ ಆಟಗಾರರನ್ನು ಹೊರಗೆ ಕರೆಸಿಕೊಂಡರು, ಗಾಳಿ ತಿರುಗಿದಾಗ ಅವರನ್ನು ಮರಳಿ ಕಳಿಸಲಾಗಲಿಲ್ಲ, ಗೆದ್ದೆವೆಂಬ ಭರವಸೆಯಲ್ಲಿ ಕೈ ಸಡಿಲಿಸಿದರು—ಇದು ಒಹಾಯೊ ಅಭಿಮಾನಿಗಳ ದೂರು. ಲೇಡನ್ ಅರ್ಧ ವಿರಾಮದ ಬಳಿಕ ಬಹುಮಟ್ಟಿಗೆ ಎರಡನೆಯ ಪಂಕ್ತಿಯವರನ್ನೇ ಕಣಕ್ಕಿಳಿಸಿದರು, ಅದರಿಂದ ಕೊನೆಯ ಅವಧಿಗೆ ಕಸುವು ಉಳಿಯಿತು—ಇದು ನೋಟರ್ ಡೇಮ್‌ನವರ ಹೊಗಳಿಕೆ. ಗೆಲುವಿನ ಆ ಕೊನೆಯ ಹೂಟವನ್ನು ತರಬೇತುದಾರರಿಂದ ಹೊತ್ತು ಒಳಗೆ ಹೋದ ಹುಡುಗನ ಹೆಸರು ಪ್ರಯಾಣದ ಪಟ್ಟಿಯಲ್ಲೇ ಇರಲಿಲ್ಲ, ಗೆಳೆಯರು ಅವನನ್ನು ರೈಲಿನಲ್ಲಿ ಅಡಗಿಸಿ ಕರೆತಂದಿದ್ದರು ಎಂಬ ಕಥೆಯೂ ಅವರಲ್ಲಿ ಪ್ರಚಾರದಲ್ಲಿದೆ. ಕಥೆಯಂತೆಯೇ ಅದನ್ನು ಕೇಳೋಣ.

ಈಗ ಎರಡೂ ಮಾತುಗಳನ್ನು ಒಂದೇ ತಕ್ಕಡಿಯಲ್ಲಿಟ್ಟು ನೋಡಿ. ಇಬ್ಬರೂ ತಮ್ಮ ಮುಂದಾಳುಗಳಿಗೆ ವಿಶ್ರಾಂತಿ ಕೊಟ್ಟವರೇ. ಗೆದ್ದವರ ವಿಷಯದಲ್ಲಿ ಅದು ದೂರದೃಷ್ಟಿ. ಸೋತವರ ವಿಷಯದಲ್ಲಿ ಅದು ಅಜಾಗ್ರತೆ. ಅಷ್ಟೇ ಅಲ್ಲ, ಒಂದು ಸರಳ ಗಣಿತವನ್ನು ಗಮನಿಸಿ. ನೋಟರ್ ಡೇಮ್ ಮೂರು ಸಲ ಗಡಿ ದಾಟಿತು. 6 ಮೂರರಷ್ಟು 18. ಎಂದರೆ ಮೂರು ಸಲವೂ ಆ ಸುಲಭದ ಒಂದು ಅಂಕ ಅವರಿಗೆ ದಕ್ಕಲಿಲ್ಲ. ಶೇಕ್ಸ್‌ಪಿಯರನ ಎಸೆತವನ್ನು ಮಿಲ್ನರ್ ಹಿಡಿಯದೆ ಹೋಗಿದ್ದರೆ ಪಂದ್ಯ 13–12ಕ್ಕೆ ಮುಗಿಯುತ್ತಿತ್ತು. ಆ ವಾರವೆಲ್ಲ ನೋಟರ್ ಡೇಮ್‌ನ ಅಭಿಮಾನಿಗಳು ಆ ಒದೆತಗಳ ಲೆಕ್ಕವನ್ನೇ ಹಾಕುತ್ತಿದ್ದರು. ಗೆದ್ದರು, ತಪ್ಪು ಕರಗಿಹೋಯಿತು. ಸೋತ ಒಹಾಯೊದ ಆಟಗಾರನ ಕೈಯಿಂದ ಜಾರಿದ ಚೆಂಡು ಮಾತ್ರ ಚರಿತ್ರೆಯಲ್ಲಿ ಉಳಿಯಿತು. ಗೆದ್ದೆತ್ತಿನ ಬಾಲ ಹಿಡಿಯುವವರು ಬಹಳ ಎಂದು ನಮ್ಮ ಹಳ್ಳಿಗರು ಹೇಳುವುದು ಇದನ್ನೇ.

ಶನಿವಾರದ ಆಟಕ್ಕೆ ಸೋಮವಾರ ಬೆಳಿಗ್ಗೆ ನಾಯಕರಾಗುವವರು ಎಂದು ಇಂಥ ವಿಮರ್ಶಕರನ್ನು ಅಮೆರಿಕದಲ್ಲಿ ಗೇಲಿ ಮಾಡುತ್ತಾರೆ. ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು ಎಂಬ ನಮ್ಮ ಗಾದೆಯಲ್ಲಿ ಅದೇ ಗೇಲಿ ಇದೆ. ಹಾಗೆಂದು ಈ ವಾದಗಳೆಲ್ಲ ಹುರುಳಿಲ್ಲದವು ಎನ್ನಲಾರೆ. ಅವು ಅಭಿಮಾನದ ಹರಟೆಯಾಗಿ ಹುಟ್ಟಿ, ಆಟದ ಧರ್ಮವೇನು ಎಂಬ ಜಿಜ್ಞಾಸೆಯವರೆಗೆ ಬೆಳೆದದ್ದೂ ಉಂಟು. ಅದಕ್ಕೆ ಎರಡು ನಿದರ್ಶನಗಳನ್ನು ಕೊಡುತ್ತೇನೆ.

1966ರ ನವೆಂಬರ್ 19. ಮತ್ತೆ ನೋಟರ್ ಡೇಮ್. ಎದುರಿಗೆ ಮಿಷಿಗನ್ ಸ್ಟೇಟ್. ದೇಶದ ಮೊದಲ ಮತ್ತು ಎರಡನೆಯ ಸ್ಥಾನದ ತಂಡಗಳು, ಎರಡೂ ಅಜೇಯ. ನೋಟರ್ ಡೇಮ್ 10–0 ಹಿಂದೆ ಬಿದ್ದಿತ್ತು. ಮುಖ್ಯ ಎಸೆತಗಾರ ಗಾಯಗೊಂಡು ಹೊರಗೆ. ಅವನ ಜಾಗದಲ್ಲಿ ಆಡಿದ ಕೋಲಿ ಓಬ್ರಯನ್ ಮಧುಮೇಹದ ರೋಗಿ. ಆದರೂ ಹೆಣಗಿ 10–10 ಸಮಮಾಡಿದರು. ಕೊನೆಯಲ್ಲಿ ಒಂದು ನಿಮಿಷಕ್ಕಿಂತ ತುಸು ಹೆಚ್ಚು ಸಮಯವಿತ್ತು, ಚೆಂಡು ಅವರದೇ. ತರಬೇತುದಾರ ಆರಾ ಪಾರ್ಸೀಗಿಯನ್ ಗೆಲುವಿಗೆ ಕೈಚಾಚಲಿಲ್ಲ; ಚೆಂಡನ್ನು ಭದ್ರವಾಗಿ ಹಿಡಿದು ಸಮಯ ಕಳೆದರು. ಪಂದ್ಯ ಸಮವಾಯಿತು. ಮುಂದಿನ ವಾರ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯವನ್ನು 51–0 ಅಂತರದಿಂದ ಸೋಲಿಸಿ, ಮತಗಣನೆಯಲ್ಲಿ ರಾಷ್ಟ್ರದ ಅಗ್ರಪಟ್ಟವನ್ನು ಪಡೆದರು. ಪಟ್ಟ ಬಂತು, ಅದರೊಡನೆ ಹೇಡಿಯೆಂಬ ಹೆಸರೂ ಬಂತು. ನೆಲಕ್ಕೆ ಬಿದ್ದಲ್ಲಿಂದ ಎದ್ದು ಬಂದ ಹುಡುಗರ ಶ್ರಮವನ್ನು ಒಂದು ಅವಿವೇಕದ ಎಸೆತಕ್ಕೆ ಪಣವಿಡಲಾರೆ ಎಂಬುದು ಆ ತರಬೇತುದಾರರ ಸಮರ್ಥನೆಯ ತಿರುಳು. ಪತ್ರಿಕೆಗಳು ಅದನ್ನು ಒಪ್ಪಲಿಲ್ಲ.

1984ರ ಜನವರಿ 2. ಮಯಾಮಿ ನಗರದ ಆರೆಂಜ್ ಬೌಲ್ ಪಂದ್ಯ. ನೆಬ್ರಾಸ್ಕಾ ತಂಡ ಆ ಋತುವಿನ 12 ಪಂದ್ಯಗಳನ್ನೂ ಗೆದ್ದು ಬಂದದ್ದು. ಎದುರಿಗೆ ಮಯಾಮಿ ವಿಶ್ವವಿದ್ಯಾನಿಲಯ. ಮೊದಲು 17–0, ಕೊನೆಯ ಅವಧಿಯಲ್ಲಿ 31–17 ಹಿಂದೆ ಬಿದ್ದಿದ್ದ ನೆಬ್ರಾಸ್ಕಾ ಒಂದು ನಿಮಿಷಕ್ಕೂ ಕಡಿಮೆ ಸಮಯ ಉಳಿದಿದ್ದಾಗ 31–30ಕ್ಕೆ ಬಂದು ನಿಂತಿತು. 1958ರಿಂದ ಕಾಲೇಜು ಆಟದಲ್ಲಿ ಒಂದು ಹೊಸ ನಿಯಮ ಬಂದಿತ್ತು: ಗಡಿ ದಾಟಿದ ಮೇಲೆ ಒದ್ದರೆ 1 ಅಂಕ, ಒದೆಯದೆ ಮತ್ತೆ ಚೆಂಡನ್ನು ಗಡಿಯಾಚೆ ಮುಟ್ಟಿಸಿದರೆ 2. ಒದ್ದಿದ್ದರೆ ಪಂದ್ಯ ಸಮವಾಗಿ ಅಗ್ರಪಟ್ಟ ಬಹುತೇಕ ಖಚಿತವಿತ್ತು. ತರಬೇತುದಾರ ಟಾಮ್ ಆಸ್ಬೋರ್ನ್ ಎರಡಕ್ಕೇ ಕೈಹಾಕಿದರು. ಎಸೆದ ಚೆಂಡಿಗೆ ಎದುರಾಳಿಯ ಬೆರಳು ತಾಗಿತು, ಅದು ನೆಲಕ್ಕೆ ಬಿತ್ತು. ಪಂದ್ಯ ಹೋಯಿತು, ಪಟ್ಟ ಮಯಾಮಿಗೆ ಹೋಯಿತು. ಆದರೆ ಆಸ್ಬೋರ್ನ್ ಅವರ ಗೌರವ ಅಂದಿನಿಂದ ಹೆಚ್ಚಿತು. ಅವರಿಗೆ ಅಗ್ರಪಟ್ಟ ದಕ್ಕಲು ಇನ್ನೂ ಹನ್ನೊಂದು ವರ್ಷ, 1994ರ ಋತುವಿನವರೆಗೆ, ಕಾಯಬೇಕಾಯಿತು.

ಪಾರ್ಸೀಗಿಯನ್ ಪಟ್ಟ ಪಡೆದು ಮಾತು ಕೇಳಿಸಿಕೊಂಡರು. ಆಸ್ಬೋರ್ನ್ ಪಟ್ಟ ಕಳೆದುಕೊಂಡು ಮಾನ ಗಳಿಸಿದರು. ಇಲ್ಲಿ ಜನ ಫಲವನ್ನು ಮಾತ್ರ ನೋಡಲಿಲ್ಲ, ಸಂಕಲ್ಪವನ್ನೂ ನೋಡಿದರು. ಅಷ್ಟರಮಟ್ಟಿಗೆ ಇದು 1935ರ ತೀರ್ಪಿಗಿಂತ ಮೇಲಾದದ್ದು. ಆದರೂ ನನಗೊಂದು ಸಂಶಯ. ಸಾಹಸವೆಲ್ಲ ಧರ್ಮ, ಎಚ್ಚರಿಕೆಯೆಲ್ಲ ಹೇಡಿತನ ಎನ್ನುವುದು ನ್ಯಾಯವೇ? ಪಾರ್ಸೀಗಿಯನ್ ಅವರ ಕೈಯಲ್ಲಿದ್ದದ್ದು ದಣಿದ ಹುಡುಗ, ತಮ್ಮದೇ ಭಾಗದಲ್ಲಿ ಚೆಂಡು. ಆಸ್ಬೋರ್ನ್ ಅವರ ಮುಂದಿದ್ದದ್ದು ಗಡಿಗೆ 3 ಗಜ ದೂರದ ಒಂದೇ ಯತ್ನ. ಇಬ್ಬರ ಪ್ರಶ್ನೆ ಒಂದೇ ಆಗಿರಲಿಲ್ಲ; ಉತ್ತರ ಒಂದೇ ಆಗಬೇಕೆಂದು ಕೇಳುವುದು ಸಲ್ಲದು. ನಿರ್ಣಯದ ಗಳಿಗೆಯಲ್ಲಿ ಅವನಿಗೆ ಏನು ತಿಳಿದಿತ್ತು, ಏನು ತಿಳಿದಿರಲು ಸಾಧ್ಯವಿರಲಿಲ್ಲ—ಚರಿತ್ರಕಾರ ಮೊದಲು ಕೇಳಬೇಕಾದದ್ದು ಇದನ್ನು.

ಈ ವಾದಗಳಿಗೆ ಕೊನೆಗೆ ಉತ್ತರ ಕೊಟ್ಟದ್ದು ನಿಯಮಗಳೇ. ಆಟಗಾರರನ್ನು ಹೊರಗೆ ಕರೆದು ಮತ್ತೆ ಕಳಿಸುವ ಕಟ್ಟುಪಾಡು 1941ರಲ್ಲಿ ಸಡಿಲಗೊಂಡಿತು. ನಡುವೆ ಕೆಲವು ವರ್ಷ ಮತ್ತೆ ಬಿಗಿಯಾಗಿ 1960ರ ದಶಕದಲ್ಲಿ ಪೂರ್ಣ ಬಿಡುಗಡೆಯಾಯಿತು. ಶ್ಮಿಟ್ ಸಿಕ್ಕಿಬಿದ್ದರೆಂದು ಹೇಳುವ ಬಲೆ ಇಂದಿನ ತರಬೇತುದಾರನಿಗಿಲ್ಲ. 1996ರಿಂದ ಹೆಚ್ಚುವರಿ ಆಟ ಜಾರಿಗೆ ಬಂದು, ಸಮವಾಗಿ ಮುಗಿಯುವ ಪಂದ್ಯಗಳೇ ಇಲ್ಲದಾದವು. ಪಾರ್ಸೀಗಿಯನ್ ಅವರ ಧರ್ಮಸಂಕಟ ಅಲ್ಲಿಗೆ ಚರಿತ್ರೆಗೆ ಸೇರಿತು.

ಇನ್ನು ಕೊಲಂಬಸ್ ಪಂದ್ಯದ ಪಾತ್ರಧಾರಿಗಳು. ಆ ಅದ್ಭುತ ಗೆಲುವಿನ ಮರುವಾರವೇ ನೋಟರ್ ಡೇಮ್ ನಾರ್ತ್‌ವೆಸ್ಟರ್ನ್ ತಂಡಕ್ಕೆ 14–7 ಅಂತರದಿಂದ ಸೋತಿತು. ತಲೆತಗ್ಗಿಸಿದ ಒಹಾಯೊ ಉಳಿದ ಪಂದ್ಯಗಳನ್ನೆಲ್ಲ ಗೆದ್ದು ತನ್ನ ವಲಯದ ಪ್ರಶಸ್ತಿಯನ್ನು ಮಿನ್ನೆಸೋಟದೊಡನೆ ಹಂಚಿಕೊಂಡಿತು. ಲೇಡನ್ ಮತ್ತು ಶ್ಮಿಟ್ ಇಬ್ಬರೂ 1940ರ ಋತು ಮುಗಿದ ಮೇಲೆ ತಮ್ಮ ತಮ್ಮ ವಿಶ್ವವಿದ್ಯಾನಿಲಯಗಳನ್ನು ಬಿಟ್ಟರು. ಒಬ್ಬರು ವೃತ್ತಿಪರ ಫುಟ್‌ಬಾಲ್ ಸಂಘಟನೆಯ ಕಮಿಷನರರಾಗಿ ಏರಿದರು, ಇನ್ನೊಬ್ಬರು ದೂರದ ಐಡಾಹೊಗೆ ಹೋಗಿ 1944ರಲ್ಲಿ ತೀರಿಕೊಂಡರು. ಶೇಕ್ಸ್‌ಪಿಯರನನ್ನು 1936ರಲ್ಲಿ ಪಿಟ್ಸ್‌ಬರ್ಗ್‌ನ ವೃತ್ತಿಪರ ತಂಡ ಆರಿಸಿಕೊಂಡಿತು. ಅವನು ಹೋಗಲಿಲ್ಲ, ಬೇರೆ ಉದ್ಯೋಗ ಹಿಡಿದನು. ಒಂದು ಮಧ್ಯಾಹ್ನದ ಗೆಲುವು ಗೆದ್ದವರನ್ನು ಕಾಯಲಿಲ್ಲ, ಸೋತವರನ್ನು ಮುಗಿಸಲೂ ಇಲ್ಲ.

ನಮ್ಮ ರನ್ನ ತನ್ನ ಆಶ್ರಯದಾತನಾದ ಸತ್ಯಾಶ್ರಯನನ್ನು ಭೀಮನೊಡನೆ ಸಮೀಕರಿಸಿ ಗದಾಯುದ್ಧವನ್ನು ಬರೆದನು. ಗೆಲುವು ಯಾರದೆಂಬುದು ಅವನಿಗೆ ಮೊದಲೇ ನಿಶ್ಚಯವಾಗಿತ್ತು. ಆದರೂ ಕಡೆಯ ಕಾಳಗದಿಂದ ಇಡೀ ಭಾರತವನ್ನು ಹಿಂದಿರುಗಿ ನೋಡುವಾಗ ಸೋಲುವ ದುರ್ಯೋಧನನಿಗೆ ಸಲ್ಲಬೇಕಾದ ಗೌರವವನ್ನು ಅವನು ಕಸಿಯಲಿಲ್ಲ. ಅದಕ್ಕೇ ಆ ಕಾವ್ಯ ಆಸ್ಥಾನದ ಹೊಗಳಿಕೆಯಾಗಿ ಸಾಯದೆ ಉಳಿಯಿತು. ಸಿಂಹಾವಲೋಕನ ಎಂದರೆ ಇದು: ಹಿಂದಿರುಗಿ ನೋಡುವ ಕಣ್ಣಿಗೆ ಫಲ ಕಾಣುವುದು ಸಹಜ, ಫಲ ಇನ್ನೂ ಕಾಣದಿದ್ದ ಗಳಿಗೆಯಲ್ಲಿ ನಿಂತವನ ಮುಖವೂ ಕಾಣಬೇಕು. ಆಟದ ಮೈದಾನದಲ್ಲಾಗಲಿ, ರಾಜ್ಯಗಳ ಚರಿತ್ರೆಯಲ್ಲಾಗಲಿ, ನೆರೆಮನೆಯವರ ಬಾಳನ್ನು ಅಳೆಯುವಾಗಲಾಗಲಿ, ಆ ಮುಖವನ್ನು ಕಾಣದವನ ತೀರ್ಪು ಅರ್ಧ ತೀರ್ಪು.

(ಬಾನುಲಿ ಭಾಷಣ)