ಕಟ್ಟಕಡೆಯಲ್ಲಿ ರವಿಕೀರ್ತಿ

"ಆನ್‌ಲೈನ್ ಪ್ರೊಫೈಲಿಗೆ ನಿಮ್ಮ ಬಗ್ಗೆ ನಾಲ್ಕು ಸಾಲು ಕಳಿಸಿ" ಎಂದು ಯಾರಾದರೂ ಕೇಳಿದರೆ ನನ್ನ ಕೈ ಓಡುವುದಿಲ್ಲ. ಇನ್ನೊಬ್ಬರ ಮಾತನ್ನು ಅನುವಾದಿಸಿ ಹೊಟ್ಟೆ ಹೊರೆಯುವವರಿಗೆ ಸ್ವಂತದ ಮಾತೇ ಕಷ್ಟ. ಆಗ ರವಿಕೀರ್ತಿ ನೆನಪಾಗುತ್ತಾನೆ.

ಐಹೊಳೆಯ ಮೇಗುಟಿ ಬಸದಿಯ ಗೋಡೆಯಲ್ಲಿ ಅವನ ಸಂಸ್ಕೃತ ಶಾಸನವಿದೆ. ಕಾಲ ಶಕ 556, ಅಂದರೆ ಕ್ರಿ.ಶ. 634ರ ಸುಮಾರು. ಒಟ್ಟು 37 ಪದ್ಯ. ಬಹುಪಾಲು ಚಾಲುಕ್ಯರದು, ಅದರಲ್ಲೂ ಇಮ್ಮಡಿ ಪುಲಕೇಶಿಯದು. ಹರ್ಷನ ಹರ್ಷವೇ ಉಡುಗಿತೆಂಬ ಶ್ಲೇಷೆ ಬರುವುದು ಇಲ್ಲೇ. ಆಮೇಲೆ ಬಸದಿ. ಕವಿಯ ಸರದಿ ಕೊನೆಯ ಕೆಲವೇ ಪದ್ಯಗಳಲ್ಲಿ, ಅದೂ ಪ್ರಥಮ ಪುರುಷದಲ್ಲಿ: ಈ ಕಲ್ಲಿನ ಜಿನಾಲಯ ಕಟ್ಟಿಸಿದ ರವಿಕೀರ್ತಿ ಕಾವ್ಯದಿಂದ ಕಾಳಿದಾಸ, ಭಾರವಿಯರ ಕೀರ್ತಿ ಪಡೆದವನು!

ಸಣ್ಣ ಮಾತೇನಲ್ಲ. ಆದರೂ ನನಗೆ ಅದು ಬರೀ ಜಂಬ ಅನ್ನಿಸುವುದಿಲ್ಲ. ಅಲ್ಲಿಗೆ ತಲುಪುವಷ್ಟರಲ್ಲಿ ಅವನ ಪದ್ಯಗಳನ್ನು ಓದಿಯಾಗಿರುತ್ತದೆ. ಒಪ್ಪುವುದು ಬಿಡುವುದು ನಮಗೆ ಸೇರಿದ್ದು. ನಾನೂ ಈಗ ಮೊದಲು ಅನುವಾದದ ಒಂದು ಪುಟ ಇಡುತ್ತೇನೆ, ಹೆಸರು ಆಮೇಲೆ.

ರವಿಕೀರ್ತಿಯ ಬೇರೆ ಕಾವ್ಯ ಯಾವುದೂ ಸಿಕ್ಕಿಲ್ಲ. ಕಾಳಿದಾಸನೋ ತನ್ನ ಕಾಲವನ್ನು ಎಲ್ಲೂ ಹೇಳಿಕೊಳ್ಳಲಿಲ್ಲ. ಅವನು 634ಕ್ಕಿಂತ ಹಿಂದಿನವನೆಂದು ಗಟ್ಟಿಯಾಗಿ ಹೇಳಲು ವಿದ್ವಾಂಸರು ಬೊಟ್ಟು ಮಾಡುವುದು ರವಿಕೀರ್ತಿಯ ಈ ಹೊಗಳಿಕೆಯತ್ತಲೇ.